ಸುಸ್ಥಿರ ಅಭಿವೃದ್ಧಿ: ಕೊನೆಯ ಹೊಲಕ್ಕೆ ನೀರೆಷ್ಟು?

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಭೂಗೋಳ ಪುಸ್ತಕದ ಮೊದಲ ಅಧ್ಯಾಯದಲ್ಲೇ ಸುಸ್ಥಿರ ಅಭಿವೃದ್ಧಿಯ ಪಾಠವಿದೆ. 1987ರ ಬ್ರಂಟ್‌ಲ್ಯಾಂಡ್ ವರದಿ, 1992ರ ರಿಯೊ ಶೃಂಗಸಭೆ, ಅಜೆಂಡಾ 21 ಎಲ್ಲವೂ ಅಲ್ಲಿವೆ. ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನ ಪೀಳಿಗೆಗೂ ಉಳಿಸಬೇಕು ಎಂದು ಬರೆದರೆ ಮಕ್ಕಳಿಗೆ ಅಂಕ ಬರುತ್ತದೆ.

ಪುಸ್ತಕ ಸತ್ಯವನ್ನು ಮುಚ್ಚಿಟ್ಟಿದೆ ಎಂದು ನಾನು ಹೇಳುವುದಿಲ್ಲ. ಸಮಾನ ಹಂಚಿಕೆಯ ಮಾತು ಅಲ್ಲಿದೆ. ಪಂಜಾಬ್, ಹರಿಯಾಣಗಳಲ್ಲಿ ಅತಿ ನೀರಾವರಿಯಿಂದ ಭೂಮಿ ಸವಳಾದ ಸಂಗತಿಯೂ ಅದೇ ಅಧ್ಯಾಯದಲ್ಲಿದೆ. ನನ್ನ ತಕರಾರು ಬೇರೆ. ವ್ಯಾಖ್ಯೆ ಒಂದು ಪುಟದಲ್ಲಿ, ಸವಳು ಭೂಮಿ ಇನ್ನೊಂದು ಪುಟದಲ್ಲಿ. ಇವೆರಡಕ್ಕೂ ಇರುವ ನಂಟನ್ನು ಮಗುವಿಗೆ ಬಿಡಿಸಿ ಹೇಳುವವರು ಯಾರು? ಹಂಚಿಕೆ ತಪ್ಪಿದ್ದು ಎಲ್ಲಿ, ಯಾರ ಪಾಲು ಯಾರಿಗೆ ಹೋಯಿತು ಎಂದು ಯಾವ ಪ್ರಶ್ನೆಪತ್ರಿಕೆ ಕೇಳುತ್ತದೆ?

ಸರ್ಕಾರಿ ಇಂಜಿನಿಯರ್ ಆಗಿದ್ದ ನಾನು ನಮ್ಮ ತುಂಗಭದ್ರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1953ರಲ್ಲಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಇದು ಮುಂದಿನ ಪೀಳಿಗೆಯ ನಷ್ಟ. ಪುಸ್ತಕದ ವ್ಯಾಖ್ಯೆಯೊಳಗೆ ಬರುತ್ತದೆ. ಇಂದಿನವರಲ್ಲೇ ಒಬ್ಬರಿಗೊಬ್ಬರಿಂದ ಆಗುತ್ತಿರುವ ಅನ್ಯಾಯದ ಮಾತೇನು? ಬರದ ಸೀಮೆಯ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಎಂಬುದು ಯೋಜನೆಯ ಮೂಲ ಲೆಕ್ಕ. ಅದಕ್ಕೆಂದೇ ಬಹುಪಾಲು ಜಮೀನಿಗೆ ಜೋಳ, ಹತ್ತಿಯಂತಹ ಮಿತನೀರಿನ ಬೆಳೆ ಗೊತ್ತುಮಾಡಲಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ನಾಟಿ ಮಾಡಿದರು. ನೀರು ನಿಂತು ಎಷ್ಟೋ ಜಮೀನು ಸವಳು-ಜವಳಾಯಿತು. ಅತ್ತ ಕೊನೆಭಾಗದ ರಾಯಚೂರು ಜಿಲ್ಲೆಯ ರೈತರು ನೀರಿಗಾಗಿ ರಸ್ತೆಗಿಳಿದರು. ಪಂಕ್ತಿಯಲ್ಲಿ ಮೊದಲು ಕೂತವರೇ ಅನ್ನವನ್ನೆಲ್ಲ ಬಡಿಸಿಕೊಂಡರೆ ಕೊನೆಯವರಿಗೆ ಏನು ಉಳಿದೀತು? ಅವರೂ ಹಸಿದು ಬಂದವರೇ ಅಲ್ಲವೇ?

ಶರಣ ಬಂಧುಗಳೇ, ನಮ್ಮ ಮಠಗಳು ನಾಡಿನ ತುಂಬ ಶಾಲೆಗಳನ್ನು ನಡೆಸುತ್ತಿವೆ. ಪಠ್ಯ ಬದಲಾಗುವವರೆಗೆ ನಾವು ಕಾಯಬೇಕಿಲ್ಲ. ಭೂಗೋಳದ ಮೇಷ್ಟ್ರು ಮಕ್ಕಳನ್ನು ಹತ್ತಿರದ ಕಾಲುವೆಗೋ ಕೆರೆಗೋ ಕರೆದೊಯ್ಯಲಿ. ತೂಬಿನಲ್ಲಿ ನೀರೆಷ್ಟು, ಕೊನೆಯ ಹೊಲಕ್ಕೆ ತಲುಪುವುದೆಷ್ಟು, ಯಾರು ಯಾವ ಬೆಳೆ ಇಟ್ಟಿದ್ದಾರೆ ಎಂದು ಮಕ್ಕಳೇ ಕೇಳಿ ಬರೆದುಕೊಳ್ಳಲಿ. ಆಮೇಲೆ ವ್ಯಾಖ್ಯೆ ಓದಲಿ. ಬರುವ ಶೈಕ್ಷಣಿಕ ವರ್ಷದಿಂದಲೇ ಇದು ಆರಂಭವಾಗಲಿ ಎಂದು ಪೂಜ್ಯರಲ್ಲೂ ಆಡಳಿತ ಮಂಡಳಿಗಳಲ್ಲೂ ನನ್ನ ವಿನಂತಿ.