ಲೆಕ್ಕ ಕೇಳುವ ಪ್ರಜೆ

ಮತಗಟ್ಟೆಗೆ ಹೋದ ದಿನವೊಂದೇ ಪ್ರಜೆಯದು, ಮಿಕ್ಕ ಐದು ವರ್ಷ ಪ್ರತಿನಿಧಿಯದು ಎಂಬ ಭಾವನೆ ನಾಡಿನಲ್ಲಿ ಆಳವಾಗಿ ಬೇರೂರಿದೆ. ಅದು ಎಷ್ಟು ಹುರುಳಿಲ್ಲದ್ದೆಂಬುದನ್ನು ತೋರಿಸಿಕೊಟ್ಟವರು ರಾಜಸ್ಥಾನದ ಕೂಲಿಕಾರರು. ದುಡಿದರೂ ಪೂರ್ಣ ಕೂಲಿ ಕೈಸೇರದಿದ್ದಾಗ ಅವರು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ನೆರವಿನಿಂದ 1994ರಲ್ಲಿ ಜನರ ಸಮ್ಮುಖದ ವಿಚಾರಣೆಗಳನ್ನು ಆರಂಭಿಸಿದರು. ಕಾಮಗಾರಿಯ ಹಾಜರಿಪಟ್ಟಿಯನ್ನು ಊರೆದುರು ಗಟ್ಟಿಯಾಗಿ ಓದಲಾಯಿತು. ಎಂದೂ ಕೆಲಸಕ್ಕೆ ಬಾರದವರ, ಅಷ್ಟೇಕೆ, ಸತ್ತವರ ಹೆಸರಿನಲ್ಲಿಯೂ ಕೂಲಿ ಬಟವಾಡೆಯಾಗಿದ್ದುದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. 2005ರ ಮಾಹಿತಿ ಹಕ್ಕು ಅಧಿನಿಯಮದ ಬೇರು ಅಲ್ಲಿದೆ. 10 ರೂಪಾಯಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕೆಂಬ ಈ ಹಕ್ಕನ್ನು ಗಳಿಸಿಕೊಟ್ಟವರಲ್ಲಿ ಓದುಬರಹ ಬಾರದವರೇ ಬಹಳ. ಬಳಸಲು ಹಿಂಜರಿಯುವವರು ಮಾತ್ರ ವಿದ್ಯಾವಂತರು!

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಂತೂ ಗ್ರಾಮಸಭೆಯ ಜೊತೆಗೆ ವರ್ಷಕ್ಕೊಮ್ಮೆ ಲೆಕ್ಕಪತ್ರ ಪರಿಶೀಲಿಸುವ ಜಮಾಬಂದಿಯೂ ಉಂಟು. ಎಷ್ಟೋ ಊರುಗಳಲ್ಲಿ ಫಲಾನುಭವಿಗಳ ಪಟ್ಟಿ ಓದುವವರೆಗೆ ಕುಳಿತ ಜನ ಲೆಕ್ಕದ ವೇಳೆಗೆ ಎದ್ದು ಹೋಗುತ್ತಾರೆ. ಚರಂಡಿಯ ಉದ್ದ, ಸಿಮೆಂಟಿನ ಚೀಲಗಳ ಸಂಖ್ಯೆ ಕೇಳಲು ವಕೀಲನೇ ಬೇಕಿಲ್ಲ, ಊರ ಗೌಂಡಿ ಸಾಕು. ಆದರೆ ಒಬ್ಬನೇ ಎದ್ದು ನಿಂತರೆ ನಾಳಿನ ಕೆಲಸ ತಪ್ಪೀತೆಂಬ ಅಳುಕು ಅವನಿಗೆ. ಪಕ್ಕದಲ್ಲಿ ಕುಳಿತ ಮೇಷ್ಟರೂ ಆಗ ಏಳಬೇಕು.