ದುಬಾರಿ ಊಟದ ಲೆಕ್ಕ

ಕುಂಟೆಯೆಂದರೆ ಚಿಕ್ಕ ಕೆರೆ. ಕೋಣನಕುಂಟೆಯೆಂಬ ಹೆಸರಿನಲ್ಲಿ, ಎಮ್ಮೆ ಕೋಣಗಳು ನೀರಿಗಿಳಿಯುತ್ತಿದ್ದ ಹಳ್ಳಿಯೊಂದರ ನೆನಪು ಉಳಿದಿದೆ, ಹಳ್ಳಿ ಉಳಿದಿಲ್ಲ. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಈ ಭಾಗಕ್ಕೆ ಮೆಟ್ರೋ ರೈಲು ಬಂದಿತು. ನಿಲ್ದಾಣದ ಮಗ್ಗುಲಲ್ಲಿಯೇ ಫೋರಂ ಸೌತ್ ಎಂಬ ಭವ್ಯವಾದ ಮಾಲ್ ತಲೆಯೆತ್ತಿತು. ಇಂಥ ಮಾಲುಗಳ ಉಪಾಹಾರಗೃಹಗಳಲ್ಲಿ ನಾಲ್ವರ ಸಂಸಾರವೊಂದು ಒಂದು ಹೊತ್ತು ಉಂಡೆದ್ದರೆ ಕೆಲವು ಸಾವಿರ ರೂಪಾಯಿಗಳು ಕರಗುವುದು ಅಪೂರ್ವವೇನಲ್ಲ. ಅಷ್ಟು ಹಣ ತೆತ್ತು ಉಣ್ಣುವುದು ಸಾರ್ಥಕವೆ?

ಹಿರಿಯರ ಉತ್ತರ ಸಿದ್ಧವಾಗಿಯೇ ಇರುತ್ತದೆ: ಅಕ್ಕಿಯ ಬೆಲೆಯೆಷ್ಟು, ಬೇಳೆಯ ಬೆಲೆಯೆಷ್ಟು, ಉಳಿದುದೆಲ್ಲ ಸುಲಿಗೆ. ಈ ಗಣಿತ ಸುಲಭವಾದುದು; ಸರಿಯಾದುದಲ್ಲ. ಅಕ್ಕಿಯನ್ನು ಅನ್ನ ಮಾಡುವವನ ಕೂಲಿ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮನೆಯಲ್ಲಿ ತಾಯಿಯ ದುಡಿಮೆಗೆ ಬೆಲೆ ಕಟ್ಟದೆ ರೂಢಿಯಾದ ನಾವು, ಹೋಟೆಲಿನ ಅಡಿಗೆಯವನ ದುಡಿಮೆಯನ್ನೂ ಅದೇ ಖಾತೆಗೆ ಸೇರಿಸಿಬಿಡುತ್ತೇವೆ.

ಅಗ್ಗದ ಊಟಕ್ಕೂ ಒಂದು ಮರೆಯ ಲೆಕ್ಕವುಂಟು. 2017ರ ಆಗಸ್ಟಿನಲ್ಲಿ ಇಂದಿರಾ ಕ್ಯಾಂಟೀನುಗಳು ಆರಂಭವಾದಾಗ ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಗೊತ್ತುಮಾಡಿದರು. ಅದು ಉಣ್ಣುವವನು ಕೊಡುವ ಹಣವೇ ಹೊರತು ಊಟದ ವೆಚ್ಚವಲ್ಲ. ಉಳಿದುದನ್ನು ಸಾರ್ವಜನಿಕ ಬೊಕ್ಕಸ ತುಂಬಿತು. ತುಂಬಬೇಕಾದುದೇ ಸರಿ ಎಂಬುದು ನನ್ನ ಮತ. ಆದರೆ ಬೊಕ್ಕಸದ ಬೆನ್ನಾಸರೆಯಿಲ್ಲದೆ ಬೆಲೆಯನ್ನು ಬಲಾತ್ಕಾರವಾಗಿ ಇಳಿಸಿದರೆ ಏನಾಗುತ್ತದೆಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ.

1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸಿನ ಪ್ರಸಂಗವನ್ನು ಹೇಳುತ್ತಿದ್ದೇನೆ. ಅದರ ಯಜಮಾನರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಶಾಲೆಗಳ ನಡೆವಳಿಕೆಯನ್ನು ನೋಡಿ ಬಂದವರು. ಶುಚಿತ್ವವೆಂಬುದು ಅವರಿಗೆ ಒಂದು ವ್ರತವಾಯಿತು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ಕಂಡು ಒಳಗೆ ಬರುವ ಪದ್ಧತಿ ಅಲ್ಲಿ ಹೆಸರಾದುದು. ಮರೆಮಾಚಲು ಏನೂ ಇಲ್ಲದವನು ಮಾತ್ರ ಅಂಥ ಧೈರ್ಯ ಮಾಡಬಲ್ಲ. 1975ರಲ್ಲಿ ತುರ್ತುಪರಿಸ್ಥಿತಿ ಬಂದು, ತಿಂಡಿ ಊಟಗಳನ್ನು ಅತ್ಯಂತ ಕಡಿಮೆ ದರಕ್ಕೆ ಮಾರಬೇಕೆಂಬ ಕಟ್ಟಳೆಯಾಯಿತು. ಸಾಂಬಾರಿಗೆ ನೀರು ಬೆರೆಸಿ, ತುಪ್ಪದ ಜಾಗದಲ್ಲಿ ಇನ್ನೇನನ್ನೋ ಸುರಿದು ಕಾಲ ನೂಕುವ ದಾರಿ ತೆರೆದೇ ಇತ್ತು. ಅವರು ಹಾಗೆ ಮಾಡಲಿಲ್ಲ. ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೋರಿಸುತ್ತಿದ್ದರೆಂದು ಹಳಬರು ಇಂದಿಗೂ ಹೇಳುವುದುಂಟು. ಕಡೆಗೆ ಭೋಜನಶಾಲೆಯ ಬಾಗಿಲು ಮುಚ್ಚಿತು. ಆ ಮನೆತನ ಸಿದ್ಧಪಡಿಸಿದ ಹಿಟ್ಟು ಪುಡಿಗಳ ವ್ಯಾಪಾರಕ್ಕೆ ಇಳಿಯಿತು. ಒಲೆ ಮತ್ತೆ ಹೊತ್ತಿದುದು ಅನೇಕ ವರ್ಷಗಳ ಮೇಲೆ.

ಹೀಗಿರುವಾಗ ಬೆಲೆ ಹೆಚ್ಚೆಂದಮಾತ್ರಕ್ಕೆ ಮೂಗುಮುರಿಯುವುದು ವಿವೇಕವಲ್ಲ. ಕೇಳಬೇಕಾದುದು, ಹಣ ಯಾರ ಕೈಗೆ ಸೇರಿತು ಎಂಬುದನ್ನು. ಅದು ತುಪ್ಪಕ್ಕೆ, ಕಾಫಿಬೀಜಕ್ಕೆ, ಬಾಣಸಿಗನ ಸಂಬಳಕ್ಕೆ ಹೋದರೆ ಯಾರೂ ಕೊರಗಬೇಕಾಗಿಲ್ಲ. ಗಾಜಿನ ಗೋಡೆಗೂ ನೆಲದ ಬಾಡಿಗೆಗೂ ಹೋದರೆ ನಾವು ಉಂಡದ್ದು ಊಟವಲ್ಲ, ಚದರಡಿ! ಇಂಥಲ್ಲಿ ತಿನ್ನುವ ದೋಸೆ ಗಾಂಧಿಬಜಾರಿನ ದೋಸೆಗಿಂತ ರುಚಿಯಾಗಿರುತ್ತದೆಂದು ಆಣೆಯಿಟ್ಟು ಹೇಳುವವರನ್ನು ನಾನಂತೂ ಕಂಡಿಲ್ಲ. ಸರ್ಕಾರಕ್ಕೆ ಈ ಭೇದ ತಿಳಿಯದು: ತಾರಾ ಹೋಟೆಲುಗಳಂಥವನ್ನು ಬಿಟ್ಟರೆ, 2017ರ ನವೆಂಬರಿನಿಂದ ಬಿಲ್ಲಿನ ಮೇಲೆ ಹಾಕುವ ತೆರಿಗೆ ತಣ್ಣನೆಯ ಕೋಣೆಗೂ ಬೆವರುವ ಕೋಣೆಗೂ ಒಂದೇ, ನೂರಕ್ಕೆ 5.

ಆದರೂ ಸ್ಥಳಕ್ಕೆ ಕೊಟ್ಟ ಹಣವೆಲ್ಲ ವ್ಯರ್ಥವೆಂದು ಹೇಳಲಾರೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಾಗ ಅದರ ಜಾಣತನವಿದ್ದುದು ಕುರ್ಚಿಯನ್ನು ತೆಗೆದುಹಾಕಿದುದರಲ್ಲಿ. ನಿಂತು ತಿಂದವನು ಬೇಗ ಹೊರಡುತ್ತಾನೆ, ಅದೇ ಜಾಗ ಹತ್ತು ಜನರಿಗೆ ಒದಗುತ್ತದೆ, ಬೆಲೆ ಇಳಿಯುತ್ತದೆ. ಬಡ ವಿದ್ಯಾರ್ಥಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಕುರ್ಚಿಯೊಡನೆ ಮಾತೂ ಹೊರಟುಹೋಯಿತು. 1943ರಲ್ಲಿ ಹುಟ್ಟಿದ ವಿದ್ಯಾರ್ಥಿಭವನದ ಮೇಜುಗಳಲ್ಲಿ ಒಂದು ಕಾಫಿಯ ನೆಪದಲ್ಲಿ ನಡೆದ ಹರಟೆಗೆ ಪ್ರತ್ಯೇಕ ಶುಲ್ಕವಿರಲಿಲ್ಲ. ಕುಳಿತು ಮಾತನಾಡುವ ಒಂದು ಗಂಟೆ ಇಂದು ಕೊಂಡುಕೊಳ್ಳಬೇಕಾದ ಪದಾರ್ಥವಾಗಿದ್ದರೆ, ವರ್ಷಕ್ಕೊಮ್ಮೆ ಹಳೆಯ ಗೆಳೆಯನೊಡನೆ ಅದನ್ನು ಕೊಂಡವನನ್ನು ದುಂದುಗಾರನೆಂದು ನಾನು ಕರೆಯುವುದಿಲ್ಲ. ನನ್ನ ದೂರು ಬೇರೆ. ಆ ಸಿರಿವಂತ ಕೋಣೆಗಳಲ್ಲಿ ಅನೇಕವು ಕುರ್ಚಿಯನ್ನು ಕೊಟ್ಟು, ಅಬ್ಬರದ ಸಂಗೀತದಿಂದ ಮಾತನ್ನು ಕಸಿದುಕೊಳ್ಳುತ್ತವೆ. ಎದುರಿಗೆ ಕುಳಿತವನ ತುಟಿ ನೋಡಿ ಅರ್ಥ ಊಹಿಸುವ ಪರಿಸ್ಥಿತಿಗೆ ಅಷ್ಟು ಬೆಲೆಯೇ?

ಇನ್ನು ಬಡಿಸುವವನ ವಿಷಯ. ಸೇವಾಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿತು; 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈಗ ಕೊಡುವುದೂ ಬಿಡುವುದೂ ನಮ್ಮ ಮನಸ್ಸಿಗೆ ಸೇರಿದ್ದು. ಸಾವಿರಾರು ರೂಪಾಯಿಯ ಬಿಲ್ಲನ್ನು ಚಕಾರವೆತ್ತದೆ ತೆರುವ ಮಹನೀಯರು, ಇಪ್ಪತ್ತು ರೂಪಾಯಿಯ ನೋಟನ್ನು ತಟ್ಟೆಯಲ್ಲಿಡುವ ಮುನ್ನ ಎಷ್ಟು ಹೊತ್ತು ಯೋಚಿಸುತ್ತಾರೆಂಬುದನ್ನು ಮುಂದಿನ ಸಲ ಗಮನಿಸಿ ನೋಡಬಹುದು.