ಸಗಣಿ-ಬೆಲ್ಲಕ್ಕೆ ಕರಗದ ಕೆಸರು

ಸೆಪ್ಟಿಕ್ ಟ್ಯಾಂಕಿಗೆ ವರ್ಷಕ್ಕೊಮ್ಮೆ ಸಗಣಿ, ಬೆಲ್ಲ ಸುರಿದರೆ ಸಾಕು, ಉಕ್ಕುವವರೆಗೆ ಟ್ಯಾಂಕರ್ ಕರೆಸುವ ಖರ್ಚು ಬೇಡ ಎಂಬ ವಾದ ಈಚೆಗೆ ಪ್ರಕಟವಾಗಿದೆ. ಖರ್ಚಿನ ಚಿಂತೆ ನ್ಯಾಯವೇ. ಆದರೆ ಮನೆಮನೆಯ ಗುಂಡಿಯನ್ನೇ ನಂಬಿರುವ ಬಾಗೂರು ಸೀಮೆಯ ಹಳ್ಳಿಗಳಿಗೆ ಈ ಸಲಹೆ ಅಪಾಯಕಾರಿ.

ಮೊದಲನೆಯದಾಗಿ, ಕೊಳೆಸುವ ಸೂಕ್ಷ್ಮಜೀವಿಗಳು ಮಲದಲ್ಲೇ ಇರುತ್ತವೆ. ಸಗಣಿ ಹಾಕಿದರೆ ತಳದ ಕೆಸರು ಕರಗದು, ಇನ್ನಷ್ಟು ಹೆಚ್ಚುತ್ತದೆ.

ಎರಡನೆಯದಾಗಿ, ಟ್ಯಾಂಕಿನಲ್ಲಿ ನೀರು ಸದಾ ತುಂಬಿಯೇ ಇರುತ್ತದೆ, ಒಳಬಂದಷ್ಟೂ ಹೊರಗಿನ ಇಂಗುಗುಂಡಿಗೆ ಹೋಗುತ್ತದೆ. ಉಕ್ಕಿತೆಂದರೆ ಸಾಮಾನ್ಯವಾಗಿ ಕೆಸರು ಹರಿದು ಇಂಗುಗುಂಡಿಯೇ ಕಟ್ಟಿಕೊಂಡಿದೆ ಎಂದರ್ಥ. ಹೊಸ ಗುಂಡಿ ತೋಡಿಸುವುದು ಟ್ಯಾಂಕರ್ ಬಾಡಿಗೆಗಿಂತ ದುಬಾರಿ. ಪಕ್ಕದ ಬಾವಿಗೆ ನೈಟ್ರೇಟ್ ಇಳಿದರೆ ಕುದಿಸಿದರೂ ಹೋಗದು.

ಹಾಗಾಗಿ ಉಕ್ಕುವವರೆಗೆ ಕಾಯದೆ ಕೆಸರನ್ನು ಅಳೆಯಿರಿ: ಉದ್ದನೆಯ ಕೋಲಿಗೆ ಬಿಳಿ ಬಟ್ಟೆ ಸುತ್ತಿ ಟ್ಯಾಂಕಿನ ತಳ ಮುಟ್ಟಿಸಿ ಎತ್ತಿ. ಕಪ್ಪು ಗುರುತು ಆಳದ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಟ್ಯಾಂಕರ್ ಕರೆಸಿ. ಸಾಮಾನ್ಯವಾಗಿ 2-3 ವರ್ಷಕ್ಕೊಮ್ಮೆ ಬೇಕಾಗುತ್ತದೆ.

ಕೊನೆಯದು, ಉಕ್ಕಿದಾಗಿನ ಅವಸರದಲ್ಲೇ ಆಳನ್ನು ಒಳಗಿಳಿಸುವ ತಪ್ಪು ನಡೆಯುವುದು. ಒಳಗಿನ ವಿಷಾನಿಲ ಕ್ಷಣದಲ್ಲಿ ಕೊಲ್ಲಬಲ್ಲದು. ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಇನ್ನೊಬ್ಬರ ಜೀವ ಪಣಕ್ಕಿಡುವ ಉಳಿತಾಯ ನಮಗೆ ಬೇಡ.